ನಿತ್ಯೋತ್ಸವ: ಕ್ಯಾಸೆಟ್ಟಿನಲ್ಲಿ ಮನೆಮನೆಗೆ ಬಂದ ಕವಿತೆ

ದೇವನಹಳ್ಳಿಯಲ್ಲಿ ಹುಟ್ಟಿದ ಕೆ.ಎಸ್. ನಿಸಾರ್ ಅಹಮದ್ (1936–2020) ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತಿದ್ದರು. ‘ನಿತ್ಯೋತ್ಸವ’ ಕವಿತೆಯಲ್ಲಿ ಜೋಗ, ತುಂಗೆಗಳ ಜೊತೆಗೆ ಸಹ್ಯಾದ್ರಿಯ ಅದಿರೂ ಬರುತ್ತದೆ. ಬೆಟ್ಟದ ಹಸಿರನ್ನು ಹಾಡಿದವರು ಬಹಳ ಮಂದಿ. ಅದರ ಒಡಲಿನ ಲೋಹವನ್ನೂ ಕಂಡದ್ದು ಕಲ್ಲು ಬಲ್ಲ ಈ ಮೇಷ್ಟ್ರ ಕಣ್ಣು. ಕೆಮ್ಮಣ್ಣುಗುಂಡಿಯಿಂದ ಬಂದ ಅಂಥ ಅದಿರನ್ನೇ ಕರಗಿಸಿ ಭದ್ರಾವತಿಯ ಕಾರ್ಖಾನೆ 1923ರಿಂದ ಕಬ್ಬಿಣ ತೆಗೆಯಿತು.

1978ರಲ್ಲಿ ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆಯಲ್ಲಿ ನಿಸಾರರ ಕವಿತೆಗಳು ‘ನಿತ್ಯೋತ್ಸವ’ ಹೆಸರಿನ ಧ್ವನಿಸುರುಳಿಯಾದವು. ಕನ್ನಡದ ಮೊದಲ ಸುಗಮ ಸಂಗೀತ ಕ್ಯಾಸೆಟ್ ಎಂಬ ಹೆಗ್ಗಳಿಕೆ ಇದರದು. ಮರುವರ್ಷ ಅಮೆರಿಕದಲ್ಲಿ ಶುಗರ್‌ಹಿಲ್ ಗ್ಯಾಂಗ್ ತಂಡದ ಧ್ವನಿಮುದ್ರಿಕೆ ರ‍್ಯಾಪ್ ಅನ್ನು ಬೀದಿಯಿಂದ ರೇಡಿಯೊಗೆ ತಂದಿತು. ದಾರಿ ಬೇರೆಯಾದರೂ ಎರಡರಲ್ಲೂ ಮಾತೇ ಮುಂದೆ, ತಾಳ ಅದರ ಬೆನ್ನಿಗೆ. ಸಿನಿಮಾದ ಹಂಗಿಲ್ಲದೆ, ನಾಯಕ–ನಾಯಕಿಯರ ಮುಖವಿಲ್ಲದೆ ಬರಿಯ ಕವಿತೆಯೊಂದು ಮನೆಮನೆಯ ಟೇಪ್‌ರೆಕಾರ್ಡರ್ ಸೇರಿದ್ದು ಸಣ್ಣ ಸಾಧನೆಯಲ್ಲ. ಓದು ಬಾರದವರೂ ಇದನ್ನು ಬಾಯಿಪಾಠ ಮಾಡಿದರು. ಇಂದು ಕನ್ನಡದಲ್ಲಿ ರ‍್ಯಾಪ್ ಕಟ್ಟುವ ಹುಡುಗ ಹುಡುಗಿಯರು ತಪ್ಪದೆ ಕೇಳಬೇಕಾದ ಸುರುಳಿ ಇದು.

2006ರಲ್ಲಿ ಶಿವಮೊಗ್ಗದಲ್ಲಿ ನಡೆದ 73ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ನಿಸಾರ್ ಅವರೇ ಅಧ್ಯಕ್ಷರಾಗಿದ್ದರು.