ನಗೆಯೇ ಬಂಡವಾಳ

ನಮ್ಮ ಚಿತ್ರದುರ್ಗದಿಂದ ಹಿರಿಯೂರು, ಸಿರಾ ಮಾರ್ಗವಾಗಿ ಹೊರಟರೆ ತುಮಕೂರು ಸೀಮೆ. ಅಲ್ಲಿಯ ಗುಬ್ಬಿಯೆಂಬ ಊರನ್ನು ನಾಡಿಗೆಲ್ಲ ಪರಿಚಯಿಸಿದವರು ವೀರಣ್ಣನವರು. 1891ರಲ್ಲಿ ಹುಟ್ಟಿ, ಎಳವೆಯಲ್ಲೇ ಗುಬ್ಬಿ ಕಂಪನಿಯ ಬಾಲನಟರಾಗಿ, 1917ರಲ್ಲಿ ಅದರ ಒಡೆಯರಾದರು.

ಒಡೆಯನಾದವನಿಗೆ ರಾಜಪಾರ್ಟಿನ ಮೇಲೆ ಕಣ್ಣಿರುವುದು ಸಹಜ. ವೀರಣ್ಣನವರು ಹೆಸರಾದದ್ದು ‘ಸದಾರಮೆ’ಯ ಕಳ್ಳನಾಗಿ! ಜನ ನಕ್ಕರು, ಗಲ್ಲಾಪೆಟ್ಟಿಗೆ ತುಂಬಿತು. ಬಂದ ಹಣ ಮತ್ತೆ ರಂಗಕ್ಕೇ ಹೋಯಿತು: 1934ರ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ ಕುದುರೆಗಳನ್ನೇ ತಂದರು. ಆನೆಗೆ ಮಾತು ಕಲಿಸಬೇಕಾಗಿಲ್ಲ, ಮೇವು ಹಾಕಬೇಕು. ಲೆಕ್ಕ ಬರೆಯುವ ಗುಮಾಸ್ತನ ಪಾಡನ್ನು ನೀವೇ ಊಹಿಸಿಕೊಳ್ಳಿ.

ಅವರಿಗೆ ಮನೆ ಬೇರೆ, ಕಂಪನಿ ಬೇರೆ ಆಗಿರಲಿಲ್ಲ. ಗಂಡಸರೇ ಸ್ತ್ರೀಪಾತ್ರ ವಹಿಸುತ್ತಿದ್ದ ಕಾಲದಲ್ಲಿ ಹೆಂಗಸರನ್ನು ರಂಗಕ್ಕೆ ತಂದರು. ಪತ್ನಿಯರಾದ ಸುಂದರಮ್ಮ, ಬಿ. ಜಯಮ್ಮ ಇಬ್ಬರೂ ಹೆಸರಾಂತ ನಟಿಯರು. ಅವರ ಸಾಹಸಗಳಲ್ಲೆಲ್ಲ ಇದೇ ದೊಡ್ಡದೆಂದು ನಾನು ಬಗೆಯುತ್ತೇನೆ. ಆನೆಯನ್ನು ದುಡ್ಡಿನಿಂದ ತರಬಹುದು, ಲೋಕದ ನಾಲಿಗೆಯನ್ನು ಎದುರಿಸಲು ದುಡ್ಡು ಸಾಲದು. ಮೊಮ್ಮಗಳು ಬಿ. ಜಯಶ್ರೀಯವರೂ ಆ ರಂಗದ ಹಾದಿಯನ್ನೇ ಹಿಡಿದರು.

ಸಿನಿಮಾ ನಾಟಕದ ಪ್ರೇಕ್ಷಕರನ್ನು ಸೆಳೆಯತೊಡಗಿದಾಗ ವೀರಣ್ಣನವರು ಮುನಿಸಿಕೊಂಡು ಕೂರಲಿಲ್ಲ. ಚಿತ್ರ ತಯಾರಿಕೆಗೂ ಕೈಹಾಕಿದರು. 1954ರ ‘ಬೇಡರ ಕಣ್ಣಪ್ಪ’ದಲ್ಲಿ ನಾಯಕರಾದ ರಾಜಕುಮಾರರು ಗುಬ್ಬಿ ಕಂಪನಿಯಲ್ಲೇ ಪಳಗಿದವರು. 1972ರಲ್ಲಿ ವೀರಣ್ಣನವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ಅವರು ತೀರಿಕೊಂಡರು.