ಎಂಜಿನ್ ಆಯಿಲ್ ತಾಪಮಾನ

ಓಡುವ ಎಂಜಿನ್ನಿನೊಳಗಿನ ಆಯಿಲಿನ ಬಿಸಿ. ಸಾಮಾನ್ಯ ಓಡಾಟದಲ್ಲಿ ಸುಮಾರು 90ರಿಂದ 110 ಡಿಗ್ರಿ ಸೆಲ್ಸಿಯಸ್.

ಬಹುತೇಕ ಕಾರುಗಳ ಮುಳ್ಳು ತೋರಿಸುವುದು ಕೂಲೆಂಟಿನ ಬಿಸಿಯನ್ನು, ಆಯಿಲಿನದನ್ನಲ್ಲ. ಕೂಲೆಂಟ್ ಬೇಗ ಕಾಯುತ್ತದೆ, ಆಯಿಲ್ ನಿಧಾನ. ಶಿವಮೊಗ್ಗದೊಳಗೇ ಗಾಂಧಿ ಬಜಾರಿಗೆ ಹೋಗಿ ಬರುವಷ್ಟರಲ್ಲಿ ಅದು ಪೂರ್ತಿ ಕಾದಿರುವುದಿಲ್ಲ. ಒಳಗೆ ಸೇರಿದ ನೀರಿನ ಪಸೆ, ಪೆಟ್ರೋಲಿನ ಅಂಶ ಆವಿಯಾಗದೆ ಉಳಿಯುತ್ತವೆ. ಆಯಿಲ್ ಮುಚ್ಚಳದ ಒಳಮೈಗೆ ಅಂಟುವ ಕೆನೆಬಣ್ಣದ ಲೋಳೆ ಸಾಮಾನ್ಯವಾಗಿ ಇದರದೇ ಗುರುತು. ಸುಮಾರು 20 ಕಿ.ಮೀ. ದೂರದ ಭದ್ರಾವತಿಗೆ ಒಂದೇ ಓಟದಲ್ಲಿ ಹೋದರೆ ಆಯಿಲ್ ಹದಕ್ಕೆ ಬರುತ್ತದೆ.

ಆಗುಂಬೆ ಘಾಟಿಯದು ಬೇರೆಯೇ ಕಥೆ. ಸೋಮೇಶ್ವರದಿಂದ 14 ತಿರುವು ಹತ್ತುವಾಗ ವೇಗ ಕಡಿಮೆ, ತಂಪು ಮಾಡುವ ಗಾಳಿ ಕಡಿಮೆ, ಹೊರೆ ಹೆಚ್ಚು. ಬಿಸಿ 130 ಡಿಗ್ರಿ ದಾಟಿ ಬಹಳ ಹೊತ್ತು ಉಳಿದರೆ ಆಯಿಲ್ ಬೇಗ ಕೆಡುತ್ತದೆ.

ಬೆಳಿಗ್ಗೆ ನಿಂತಲ್ಲೇ ಎಂಜಿನ್ ಕಾಯಿಸುವ ರೂಢಿ ಪೆಟ್ರೋಲಿಗೆ ದಂಡ. ಅರ್ಧ ನಿಮಿಷ ಸಾಕು. ಮೊದಲ ಕೆಲವು ಕಿಲೋಮೀಟರ್ ಆಕ್ಸಿಲರೇಟರ್ ಜೋರಾಗಿ ಒತ್ತದಿದ್ದರಾಯಿತು.