ಕೆ2 ಆರೋಹಣ

ಎವರೆಸ್ಟ್ ಬಿಟ್ಟರೆ ಜಗತ್ತಿನ ಅತಿ ಎತ್ತರದ ಶಿಖರ ಕೆ2 (8,611 ಮೀ.). ಇದು ಕಾರಾಕೋರಂ ಶ್ರೇಣಿಯಲ್ಲಿ, ಪಾಕಿಸ್ತಾನದ ಆಡಳಿತದಲ್ಲಿರುವ ಗಿಲ್ಗಿಟ್-ಬಾಲ್ಟಿಸ್ತಾನ ಮತ್ತು ಚೀನಾದ ಷಿನ್‌ಜಿಯಾಂಗ್ ನಡುವಿನ ಗಡಿಯಲ್ಲಿದೆ. ಹತ್ತುವುದು ಎವರೆಸ್ಟ್‌ಗಿಂತ ಕಷ್ಟ. ಹೆಚ್ಚಿನವರು ಹಿಡಿಯುವ ಅಬ್ರುಜಿ ಏಣು ಬುಡದಿಂದಲೇ ಕಡಿದಾಗಿದೆ. 8,200 ಮೀಟರ್‌ಗಿಂತ ಮೇಲಿರುವ 'ಬಾಟಲ್‌ನೆಕ್' ಎಂಬ ಇಕ್ಕಟ್ಟಾದ ಕೊರಕಲನ್ನು ತಲೆಯ ಮೇಲೆ ಚಾಚಿ ನಿಂತ ಹಿಮಗೋಡೆಯ ಕೆಳಗೇ ದಾಟಬೇಕು. 2008ರ ಆಗಸ್ಟ್ ಆರಂಭದಲ್ಲಿ ಈ ಗೋಡೆಯಿಂದ ಕಳಚಿದ ಮಂಜುಗಡ್ಡೆ ಹಗ್ಗಗಳನ್ನು ಕಡಿದುಹಾಕಿತು. ಆ ಎರಡು ದಿನಗಳಲ್ಲಿ ಸತ್ತವರು 11 ಮಂದಿ.

1939ರಲ್ಲಿ ಫ್ರಿಟ್ಜ್ ವೀಸ್ನರ್ ಮತ್ತು ಪಸಾಂಗ್ ದಾವಾ ಲಾಮಾ ತುದಿಗೆ ಸುಮಾರು 240 ಮೀಟರ್ ಉಳಿದಿರುವಾಗ ಹಿಂದಿರುಗಿದರು. ಮೇಲಿನ ಶಿಬಿರದಲ್ಲಿ ಸಿಕ್ಕಿಬಿದ್ದ ಡಡ್ಲಿ ವುಲ್ಫ್‌ನನ್ನು ಕರೆತರಲು ಹೋದ ಮೂವರು ಶೆರ್ಪಾಗಳು ಮರಳಲಿಲ್ಲ.

1954ರ ಜುಲೈ 31ರಂದು ಇಟಲಿಯ ಅಕಿಲೆ ಕೊಂಪಾನ್ಯೋನಿ ಮತ್ತು ಲೀನೊ ಲಾಚೆದೆಲ್ಲಿ ಮೊದಲ ಬಾರಿಗೆ ತುದಿ ಮುಟ್ಟಿದರು. ಅವರಿಗೆ ಬೇಕಾದ ಆಮ್ಲಜನಕವನ್ನು ಹಿಂದಿನ ದಿನ ಹೊತ್ತು ತಂದವರು ವಾಲ್ಟರ್ ಬೊನಾತ್ತಿ ಮತ್ತು ಹುಂಜಾದ ಅಮೀರ್ ಮೆಹ್ದಿ. ಕೊನೆಯ ಗುಡಾರವನ್ನು ಮಾತಾಗಿದ್ದ ಜಾಗದಲ್ಲಿ ಹಾಕಿರಲಿಲ್ಲ. ಕತ್ತಲಾದ ಮೇಲೆ ಅದು ಸಿಗದೆ ಇಬ್ಬರೂ ಸುಮಾರು 8,100 ಮೀಟರ್ ಎತ್ತರದಲ್ಲಿ, ಹೊದಿಕೆಯೂ ಇಲ್ಲದೆ, ಹಿಮದಲ್ಲಿ ತೋಡಿಕೊಂಡ ಜಾಗದಲ್ಲಿ ರಾತ್ರಿ ಕಳೆದರು. ಬೆಳಗಾಗುತ್ತಲೇ ಸಿಲಿಂಡರ್‌ಗಳನ್ನು ಅಲ್ಲೇ ಬಿಟ್ಟು ಇಳಿದರು. ಹಿಮಕಡಿತದಿಂದ ಮೆಹ್ದಿ ಕಾಲ್ಬೆರಳುಗಳನ್ನು ಕಳೆದುಕೊಂಡರು. ಮೇಲೆ ಹೋದವರು ಉಸಿರಾಡಿದ್ದು ಈ ಸಿಲಿಂಡರ್‌ಗಳಿಂದಲೇ. ಆ ಆಮ್ಲಜನಕವನ್ನು ಬೊನಾತ್ತಿ ಬಳಸಿಬಿಟ್ಟರೆಂಬ ಆರೋಪವೂ ಬಂತು, ಇದು ಘೋರ ಅನ್ಯಾಯ. ಇಟಲಿಯ ಆಲ್ಪೈನ್ ಕ್ಲಬ್ ಅವರ ಮಾತನ್ನು ಅಧಿಕೃತವಾಗಿ ಒಪ್ಪಿಕೊಳ್ಳುವಷ್ಟರಲ್ಲಿ ಅರ್ಧ ಶತಮಾನ ಕಳೆದಿತ್ತು. ಮೆಹ್ದಿಯವರು 1999ರಲ್ಲೇ ತೀರಿಕೊಂಡಿದ್ದರು.

8,000 ಮೀಟರ್ ಮೀರಿದ 14 ಶಿಖರಗಳ ಪೈಕಿ ಚಳಿಗಾಲದಲ್ಲಿ ಕೊನೆಗೆ ಮಣಿದದ್ದೂ ಕೆ2. ಪೋಲೆಂಡಿನ ಆಂದ್ಜೇ ಜವಾಡಾ ನೇತೃತ್ವದ ತಂಡ 1987-88ರಲ್ಲಿ ಮೊದಲ ಯತ್ನ ಮಾಡಿತ್ತು. 2021ರ ಜನವರಿ 16ರಂದು ನೇಪಾಳದ 10 ಮಂದಿ ಅದನ್ನು ಸಾಧಿಸಿದರು. ನಿರ್ಮಲ್ ಪುರ್ಜಾ ಮತ್ತು ಮಿಂಗ್ಮಾ ಗ್ಯಾಲ್ಜೆ ಶೆರ್ಪಾ ಬೇರೆ ಬೇರೆ ತಂಡಗಳ ನಾಯಕರಾಗಿದ್ದರೂ ಹಗ್ಗ ಕಟ್ಟುವ ಕೆಲಸವನ್ನು ಹಂಚಿಕೊಂಡರು. ಮುಂದಿದ್ದವರು ತುದಿಗಿಂತ ಸುಮಾರು 10 ಮೀಟರ್ ಕೆಳಗೆ ನಿಂತು ಹಿಂದಿನವರಿಗಾಗಿ ಕಾದರು. ಎಲ್ಲರೂ ಸೇರಿದ ಮೇಲೆ ರಾಷ್ಟ್ರಗೀತೆ ಹಾಡುತ್ತ ಒಟ್ಟಿಗೆ ಹತ್ತಿದರು. ಪರ್ವತಾರೋಹಣದ ಚರಿತ್ರೆಯಲ್ಲಿ ಇಷ್ಟು ಉದಾರವಾದ ನಡೆ ವಿರಳ.

ಅದೇ ದಿನ ಸ್ಪೇನಿನ ಸೆರ್ಜಿ ಮಿಂಗೋಟೆ ಕೆಳಗಿನ ಇಳಿಜಾರಿನಲ್ಲಿ ಬಿದ್ದು ಸತ್ತರು. ಫೆಬ್ರವರಿಯಲ್ಲಿ ಬಾಲ್ಟಿಸ್ತಾನದವರೇ ಆದ ಅಲಿ ಸದ್ಪಾರಾ ಇನ್ನಿಬ್ಬರೊಂದಿಗೆ ಕಣ್ಮರೆಯಾದರು. ಮೂವರ ದೇಹಗಳು ಜುಲೈನಲ್ಲಿ ಬಾಟಲ್‌ನೆಕ್‌ನ ಆಸುಪಾಸಿನಲ್ಲಿ ಸಿಕ್ಕವು.